ಬೂದು ಬಣ್ಣದ ಡಬ್ಬಿ ಹೋಗ್ಲಿ, ಕ್ಯಾಸೆಟ್ ಕವರ್ ಬರ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಹಳೇ ಕ್ಯಾಸೆಟ್‌ಗಳನ್ನ ಕಂಪ್ಯೂಟರ್‌ಗೆ ಇಳಿಸೋದು ಹೇಗೆ ಅಂತ ಬರ್ದಿದ್ವಲ್ಲ, ಅದಕ್ಕೆ ಬಂದ ಕಾಗದ, ಇಮೇಲು, ವಾಟ್ಸಾಪ್ ಎಲ್ಲದ್ರಲ್ಲೂ ಒಂದೇ ಗೋಳು. ಹಾಡು ಬಂತು ಸ್ವಾಮಿ, ಚಿತ್ರ ಬರ್ಲಿಲ್ಲ. ಮೊಬೈಲಲ್ಲಿ ಹಾಡು ಹಾಕಿದ್ರೆ ಕವರ್ ಇರ್ಬೇಕಾದ ಕಡೆ ಬೂದು ಬಣ್ಣದ ಒಂದು ಡಬ್ಬಿ, ಅದರೊಳಗೊಂದು ಸಂಗೀತದ ಗುರುತು, ಮುಗೀತು. ನನಗೂ ಆ ಡಬ್ಬಿ ಕಂಡ್ರೆ ಆಗಲ್ಲ, ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ಮಗ ಪೆನ್‌ಡ್ರೈವ್‌ಗೆ 1,800 ಹಾಡು ತುಂಬಿ ಕೊಟ್ಟಿದಾನೆ, ಬಹಳಷ್ಟು ಹಳೇ ಕನ್ನಡ ಸಿನಿಮಾದ್ದು. ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಒಂದೊಂದು ಫೋಲ್ಡರ್ ಮೇಲೂ ಆಯಾ ಸಿನಿಮಾ ಚಿತ್ರ ಚೆಂದಾಗಿ ಕಾಣುತ್ತೆ, ಅದೇ ಪೆನ್‌ಡ್ರೈವ್ ಕಾರಿಗೆ ಚುಚ್ಚಿದ್ರೆ ಒಂದೂ ಇಲ್ಲ. ಸರ್ವಿಸ್‌ಗೆ ಬಿಟ್ಟಾಗ ಕೇಳ್ದೆ, ಪೆನ್‌ಡ್ರೈವ್ ಸರಿ ಇಲ್ಲ ಬೇರೆ ತಗೊಳ್ಳಿ ಅಂದ್ರು. ಹೊಸದು ತಂದೆ, ಅದೂ ಅಷ್ಟೇ. ಏನು ಮಾಡ್ಲಿ?
– ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಪೆನ್‌ಡ್ರೈವ್‌ದೇನೂ ತಪ್ಪಿಲ್ಲ, ಹೊಸದಕ್ಕೆ ಕೊಟ್ಟ ದುಡ್ಡು ಹೋಯ್ತು ಅಷ್ಟೇ. ವಿಷಯ ಏನಂದ್ರೆ ಕವರ್ ಚಿತ್ರ ಮೂರು ಕಡೆ ಇರಬಹುದು. ಒಂದು, ಹಾಡಿನ ಫೈಲ್ ಒಳಗೇ. ಇನ್ನೊಂದು, ಅದೇ ಫೋಲ್ಡರ್‌ನಲ್ಲಿ ಫೋಲ್ಡರ್ ಡಾಟ್ ಜೆಪಿಜಿ ಅಥವಾ ಕವರ್ ಡಾಟ್ ಜೆಪಿಜಿ ಅನ್ನೋ ಬೇರೆ ಫೈಲಾಗಿ. ಮತ್ತೊಂದು, ಹಾಡು ನುಡಿಸೋ ಪ್ರೋಗ್ರಾಂ ತಾನೇ ಇಂಟರ್ನೆಟ್‌ನಿಂದ ತಂದು ತನ್ನ ಜೇಬಲ್ಲಿ ಇಟ್ಕೊಂಡಿರೋದು. ನಿಮ್ಮ ಮಗ ಎರಡನೇದು ಮಾಡಿದಾನೆ. ವಿಂಡೋಸ್‌ಗೆ ಆ ಫೋಲ್ಡರ್ ಡಾಟ್ ಜೆಪಿಜಿ ಅರ್ಥ ಆಗುತ್ತೆ, ಅದನ್ನೇ ಫೋಲ್ಡರ್ ಮೇಲೆ ಅಂಟಿಸಿ ತೋರ್ಸುತ್ತೆ. ಕಾರಿನ ಸ್ಟೀರಿಯೋಗಳು ಬಹಳಷ್ಟು ಅದನ್ನ ತಿರುಗಿ ಕೂಡ ನೋಡಲ್ಲ, ಹಾಡಿನ ಫೈಲ್ ಒಳಗೆ ಇಣುಕಿ ಅಲ್ಲಿ ಚಿತ್ರ ಇದ್ರೆ ಹಾಕುತ್ತೆ, ಇಲ್ದಿದ್ರೆ ಬೂದು ಡಬ್ಬಿ.

ಫೈಲ್ ಒಳಗೆ ಅಂದ್ರೆ ಎಲ್ಲಿ ಅಂತ ಕೇಳ್ತೀರ, ಮೇಷ್ಟ್ರಲ್ವಾ. ಎಂಪಿ3 ಫೈಲ್‌ಗೆ ಐಡಿ3 ಅಂತ ಒಂದು ಚೀಟಿ, ಇಂಗ್ಲಿಷಲ್ಲಿ ಟ್ಯಾಗ್, ಇರುತ್ತೆ. 1996ರಲ್ಲಿ ಬಂದ ಮೊದಲನೇ ಚೀಟಿ ಬರೀ 128 ಬೈಟು, ಫೈಲಿನ ಬಾಲಕ್ಕೆ ಅಂಟಿಸಿದ್ದು, ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದೋರಿಗೆ 30, ಆಲ್ಬಮ್‌ಗೆ 30, ಉಳಿದದ್ದು ವರ್ಷ, ಟಿಪ್ಪಣಿ, ಹಾಡಿನ ಬಗೆಗೆ, ಚಿತ್ರದ ಮಾತೇ ಇಲ್ಲ. 1998ರಲ್ಲಿ ಎರಡನೇ ಆವೃತ್ತಿ ಬಂದ್ಮೇಲೆ ಚೀಟಿ ಫೈಲಿನ ತಲೆಗೆ ಬಂತು, ಉದ್ದಕ್ಕೂ ಮಿತಿ ಹೋಯ್ತು, ಚಿತ್ರ ಇಡೋಕೂ ಒಂದು ಖಾನೆ ಸಿಕ್ತು. ಆ ಖಾನೆಗೆ ಚಿತ್ರ ಏನು ಅಂತ ಗುರುತು ಹಾಕೋ ಪಟ್ಟಿನೂ ಇದೆ, ಒಟ್ಟು 21 ಬಗೆ, ಮುಂದಿನ ಕವರ್‌ಗೆ 3ನೇ ನಂಬರು, ಹಿಂದಿನದಕ್ಕೆ 4. ತಮಾಷೆ ಅಂದ್ರೆ ಅದೇ ಪಟ್ಟಿಯಲ್ಲಿ 17ನೇ ನಂಬರು ‘ಗಾಢ ಬಣ್ಣದ ಮೀನು’. ನಿಜವಾಗ್ಲೂ ಹಾಗೇ ಬರ್ದಿದಾರೆ, ಯಾರೋ ತಲೆಹರಟೆ ಇಂಜಿನಿಯರ್ ಕೆಲಸ ಇರ್ಬೇಕು, ಇಷ್ಟು ವರ್ಷ ಆದ್ರೂ ಯಾರೂ ತೆಗ್ದಿಲ್ಲ.

ಈಗ ಕೆಲಸಕ್ಕೆ ಬರೋಣ. ಎಂಪಿ3ಟ್ಯಾಗ್ ಅನ್ನೋ ಪ್ರೋಗ್ರಾಂ ವಿಂಡೋಸ್‌ಗೆ ಫ್ರೀ. ಹಾಕ್ಕೊಂಡು ಒಂದು ಹಾಡಿನ ಮೇಲೆ ಕ್ಲಿಕ್ ಮಾಡಿ, ಎಡಗಡೆ ಕೆಳಗೆ ಒಂದು ಚೌಕ ಇರುತ್ತೆ. ಅದು ಖಾಲಿ ಇದ್ರೆ ಹಾಡಿನ ಒಳಗೆ ಚಿತ್ರ ಇಲ್ಲ ಅಂತ ಅರ್ಥ. 1,800 ಹಾಡಿಗೂ ಒಂದೊಂದಾಗಿ ಹಾಕ್ತಾ ಕೂತ್ರೆ ದಸರಾ ರಜೆ ಮುಗೀತದೆ, ಹಾಗೆ ಮಾಡ್ಬೇಡಿ. ಆಕ್ಷನ್ಸ್ ಅನ್ನೋ ಕಡೆ ಹೋಗಿ ಹೊಸದೊಂದು ಆಕ್ಷನ್ ಮಾಡಿ, ಅದರಲ್ಲಿ ‘ಇಂಪೋರ್ಟ್ ಕವರ್ ಫ್ರಮ್ ಫೈಲ್’ ಆರಿಸಿ, ಫೈಲ್ ಹೆಸರು ಕೇಳಿದಾಗ ಫೋಲ್ಡರ್ ಡಾಟ್ ಜೆಪಿಜಿ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. ಆಮೇಲೆ ಎಲ್ಲಾ ಹಾಡು ಸೆಲೆಕ್ಟ್ ಮಾಡಿ ಆ ಆಕ್ಷನ್ ಓಡಿಸಿದ್ರೆ ಪ್ರತಿ ಹಾಡೂ ತನ್ನ ಫೋಲ್ಡರ್‌ನಲ್ಲಿರೋ ಚಿತ್ರವನ್ನೇ ಎತ್ಕೊಂಡು ಒಳಗೆ ಇಟ್ಕೊಳುತ್ತೆ. ನೀವು ಎದ್ದು ಕಾಫಿ ಕುಡ್ಕೊಂಡು ಬನ್ನಿ.

ಅದಕ್ಕೂ ಮುಂಚೆ ಒಂದು ಲೆಕ್ಕ. ನಿಮ್ಮ ಮಗ ಹಾಕಿರೋ ಚಿತ್ರ ಒಂದೊಂದು ಎಷ್ಟು ದೊಡ್ಡದು ನೋಡಿ. ಒಂದೂವರೆ ಎಂಬಿ ಇದ್ರೆ 1,800 ಹಾಡಿಗೆ 2,700 ಎಂಬಿ, ಅಂದ್ರೆ ಹತ್ರ ಹತ್ರ 2.7 ಜಿಬಿ ಬರೀ ಚಿತ್ರಕ್ಕೇ ಹೋಯ್ತು, ಯಾಕಂದ್ರೆ ಒಂದು ಸಿನಿಮಾದಲ್ಲಿ ಆರು ಹಾಡು ಇದ್ರೆ ಅದೇ ಚಿತ್ರ ಆರು ಸಲ ಕೂರುತ್ತೆ. 500ಕ್ಕೆ 500 ಪಿಕ್ಸೆಲ್ ಜೆಪೆಗ್ ಮಾಡ್ಕೊಂಡು 80 ಕೆಬಿ ಆಸುಪಾಸು ಇಟ್ರೆ ಎಲ್ಲಾ ಸೇರಿ 144 ಎಂಬಿ, ಕಾರಿನ ಸ್ಕ್ರೀನ್‌ಗೆ ಧಾರಾಳ ಆಯ್ತು. ಅದೇ ಎಂಪಿ3ಟ್ಯಾಗ್‌ನಲ್ಲಿ ‘ಅಡ್ಜಸ್ಟ್ ಕವರ್’ ಅಂತ ಇನ್ನೊಂದು ಆಕ್ಷನ್ ಇದೆ, ಒಳಗಿರೋ ಚಿತ್ರವನ್ನೆಲ್ಲ ಒಂದೇ ಸಲಕ್ಕೆ ಚಿಕ್ಕದು ಮಾಡುತ್ತೆ.

ಇಷ್ಟಾದ ಮೇಲೂ ಕೆಲವು ಸಿನಿಮಾ ಕಾಣಿಸಿ ಕೆಲವು ಕಾಣಿಸ್ಲಿಲ್ಲ ಅಂದ್ರೆ ಅದು ಪ್ರೋಗ್ರೆಸಿವ್ ಜೆಪೆಗ್ ಕಾಟ. ಜೆಪೆಗ್‌ನಲ್ಲಿ ಎರಡು ಜಾತಿ. ಒಂದು ಮೇಲಿಂದ ಕೆಳಗೆ ಸಾಲು ಸಾಲಾಗಿ ಬರೋದು, ಇನ್ನೊಂದು ಮೊದ್ಲು ಮಸುಕಾಗಿ ಪೂರ್ತಿ ಬಂದು ಆಮೇಲೆ ತಿಳಿಯಾಗೋದು. ಎರಡನೇದು ವೆಬ್‌ಸೈಟ್‌ಗಳಿಗೆ ಇಷ್ಟ, ಕಾರಿನ ಸ್ಟೀರಿಯೋ, ಹಳೇ ಎಂಪಿ3 ಪ್ಲೇಯರ್‌ಗಳಿಗೆ ಬಹಳಷ್ಟು ಸಲ ಅದು ಓದೋಕೇ ಬರಲ್ಲ. ಗಿಂಪ್ ಅನ್ನೋ ಚಿತ್ರ ತಿದ್ದೋ ಪ್ರೋಗ್ರಾಂನಲ್ಲಿ ತೆಗೆದು ಎಕ್ಸ್‌ಪೋರ್ಟ್ ಮಾಡುವಾಗ ಪ್ರೋಗ್ರೆಸಿವ್ ಅನ್ನೋ ಟಿಕ್ ತೆಗೀರಿ, ಸರಿ ಹೋಗುತ್ತೆ. ಲ್ಯಾಪ್‌ಟಾಪಲ್ಲಿ ಎರಡೂ ಒಂದೇ ಥರ ಕಾಣೋದ್ರಿಂದ ಜನ ಈ ಜಾಗದಲ್ಲೇ ತಲೆ ಕೆಡಿಸ್ಕೊಳ್ಳೋದು, ನಾನೂ ಎರಡು ಭಾನುವಾರ ಕಳ್ದಿದೀನಿ.

ಪೆನ್‌ಡ್ರೈವ್ ಬಿಟ್ಟು ಫೋನಿಂದ ಬ್ಲೂಟೂತಲ್ಲಿ ಹಾಕ್ತೀನಿ ಅನ್ನೋರಿಗೆ ಇದು ಬೇರೇನೇ ಕಥೆ. ಬ್ಲೂಟೂತ್ ಮೇಲೆ ಕವರ್ ಕಳಿಸೋ ಸೌಲಭ್ಯ ಬಂದಿದ್ದೇ ಎವಿಆರ್‌ಸಿಪಿ ಅನ್ನೋ ಬ್ಲೂಟೂತ್ ನಿಯಮಾವಳಿಯ 1.6ನೇ ಆವೃತ್ತಿಯಲ್ಲಿ, ಅದಕ್ಕಿಂತ ಹಳೇ ಸ್ಟೀರಿಯೋ ಆದ್ರೆ ನೀವು ಏನೇ ಮಾಡಿದ್ರೂ ಬರಲ್ಲ, ಬಿಟ್ಬಿಡಿ.

ಪ್ರಶ್ನೆ: ಒಂದೇ ಸಿನಿಮಾ ಹಾಡು ನನ್ನ ಫೋನಲ್ಲಿ ಐದು ಆಲ್ಬಮ್ ಆಗಿ ಹೋಗಿದೆ. ಒಂದಕ್ಕೆ ಕವರ್ ಹಾಕಿದ್ರೆ ಉಳಿದ ನಾಲ್ಕು ಖಾಲಿ. ಯಾಕೆ ಹೀಗೆ?
– ಗೃಹಿಣಿ, ಮಂಡ್ಯ

ಉತ್ತರ: ಮೇಡಂ, ಇದು ಚಿತ್ರದ ರೋಗ ಅಲ್ಲ, ಹೆಸರಿನ ರೋಗ. ಕವರ್ ಹಾಕೋ ಮುಂಚೆ ಹೆಸರು ಸರಿ ಮಾಡ್ಬೇಕು ಅಂತ ನಾನು ಸಿಕ್ಕಿದೋರಿಗೆಲ್ಲ ಹೇಳ್ತಾನೇ ಇರ್ತೀನಿ, ಯಾರೂ ಕೇಳಲ್ಲ, ಎಲ್ಲರಿಗೂ ಮೊದ್ಲು ಚಿತ್ರವೇ ಬೇಕು.

ಇಂಗ್ಲಿಷ್ ಆಲ್ಬಮ್ ಆದ್ರೆ ಒಬ್ಬ ಹಾಡುಗಾರ, ಹತ್ತು ಹಾಡು, ಗಲಾಟೆ ಇಲ್ಲ. ನಮ್ಮ ಸಿನಿಮಾದಲ್ಲಿ ಒಂದು ಹಾಡು ಪಿ.ಬಿ. ಶ್ರೀನಿವಾಸ್, ಇನ್ನೊಂದು ಎಸ್. ಜಾನಕಿ, ಮತ್ತೊಂದು ಇಬ್ಬರೂ ಸೇರಿ, ಮಧ್ಯ ಒಂದಕ್ಕೆ ಎಸ್‌ಪಿಬಿ. ಫೋನಿನ ಪ್ಲೇಯರ್ ಹಾಡುಗಾರರ ಹೆಸರು ನೋಡಿ, ಓಹೋ ಇವರು ಬೇರೆ, ಇದು ಬೇರೆ ಆಲ್ಬಮ್ ಅಂದ್ಕೊಂಡು ಚೂರು ಚೂರು ಮಾಡುತ್ತೆ. ಅದರ ಮೇಲೆ ಒಂದು ಹಾಡಲ್ಲಿ ಪಿಬಿಎಸ್ ಅಂತ, ಇನ್ನೊಂದರಲ್ಲಿ ಪೂರ್ತಿ ಹೆಸರು, ಮತ್ತೊಂದರಲ್ಲಿ ಮಧ್ಯ ಚುಕ್ಕಿ ಇಲ್ದೆ. ಯಂತ್ರಕ್ಕೆ ಇವರು ಮೂರು ಜನ.

ಇದಕ್ಕೆ ‘ಆಲ್ಬಮ್ ಆರ್ಟಿಸ್ಟ್’ ಅಂತ ಬೇರೆ ಖಾನೆ ಇದೆ, ಆರ್ಟಿಸ್ಟ್ ಖಾನೆ ಅಲ್ಲ, ಅದರ ಪಕ್ಕದ್ದು. ಆ ಸಿನಿಮಾದ ಎಲ್ಲಾ ಹಾಡಿಗೂ ಅಲ್ಲಿ ಒಂದೇ ಹೆಸರು ಹಾಕಿ. ನಾನು ಸಂಗೀತ ನಿರ್ದೇಶಕರ ಹೆಸರು ಹಾಕ್ತೀನಿ, ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ಹಂಸಲೇಖ ಹೀಗೆ, ಆಗ ಅವರವರ ಸಿನಿಮಾ ಎಲ್ಲ ಒಂದು ಕಡೆ ಬಂದು ಕೂರುತ್ತೆ. ಆರ್ಟಿಸ್ಟ್ ಖಾನೆಯಲ್ಲಿ ಹಾಡಿದೋರ ಹೆಸರು ಹಾಗೇ ಇರ್ಲಿ. ಆಲ್ಬಮ್ ಹೆಸರು ಅಕ್ಷರ ಅಕ್ಷರಕ್ಕೂ ಒಂದೇ ಇರ್ಬೇಕು, ಕೊನೇಲಿ ಒಂದು ಸ್ಪೇಸ್ ಜಾಸ್ತಿ ಬಿದ್ರೂ ಕೆಲವು ಪ್ಲೇಯರು ಅದನ್ನ ಬೇರೆ ಆಲ್ಬಮ್ ಮಾಡಿ ಕೂರಿಸುತ್ತೆ. ಇಷ್ಟು ಮಾಡಿ ಆಮೇಲೆ ಎಲ್ಲಾ ಹಾಡೂ ಒಟ್ಟಿಗೆ ಸೆಲೆಕ್ಟ್ ಮಾಡಿ ಒಂದು ಕವರ್ ಹಾಕಿ. ಕಂಪ್ಯೂಟರ್ ಇಲ್ಲ, ಫೋನಲ್ಲೇ ಮಾಡ್ಬೇಕು ಅಂದ್ರೆ ಮ್ಯೂಸಿಕೊಲೆಟ್ ಥರದ ಆ್ಯಪಲ್ಲಿ ಟ್ಯಾಗ್ ಎಡಿಟರ್ ಅಂತ ಇದೆ, ಅಲ್ಲೂ ಆಗುತ್ತೆ.

ಪ್ರಶ್ನೆ: ಯಾವ್ಯಾವುದೋ ಸೈಟಿಂದ ಇಳಿಸಿದ ಹಾಡುಗಳಲ್ಲಿ ಸಿನಿಮಾ ಕವರ್ ಬದಲು ಆ ಸೈಟಿನ ಲೋಗೋ ಬರ್ತಿದೆ, ಹಾಡಿನ ಹೆಸರಿನ ಜೊತೆಗೂ ಅವರ ವಿಳಾಸ. ಒಂದೇ ಸಲ ಕಿತ್ತು ಹಾಕೋಕೆ ಆಗುತ್ತಾ?
– ಡಿಗ್ರಿ ವಿದ್ಯಾರ್ಥಿ, ಹೊಸಪೇಟೆ

ಉತ್ತರ: ತಮ್ಮಾ, ಎಲ್ಲಿಂದ ಇಳಿಸಿದ್ದು ಅಂತ ನಾನು ಕೇಳಲ್ಲ, ಮುಂದಕ್ಕಾದ್ರೂ ದುಡ್ಡು ಕೊಟ್ಟು ತಗೋ. ಎಂಪಿ3ಟ್ಯಾಗಲ್ಲಿ ಹಾಡುಗಳನ್ನ ಸೆಲೆಕ್ಟ್ ಮಾಡಿ ಆ ಚಿತ್ರದ ಚೌಕದ ಮೇಲೆ ರೈಟ್ ಕ್ಲಿಕ್, ರಿಮೂವ್ ಕವರ್, ಕಂಟ್ರೋಲ್ ಎಸ್ ಒತ್ತಿ ಸೇವ್. ಹೋಯ್ತು. ಹೆಸರಲ್ಲಿರೋ ವಿಳಾಸ ತೆಗೆಯೋಕೆ ಆಕ್ಷನ್ಸ್‌ನಲ್ಲೇ ರಿಪ್ಲೇಸ್ ಅಂತ ಇದೆ, ಹಳೇದು ಅಂತ ಇರೋ ಕಡೆ ಆ ವಿಳಾಸ ಹಾಕಿ, ಹೊಸದು ಅಂತ ಇರೋ ಕಡೆ ಖಾಲಿ ಬಿಡು.

ಆದ್ರೆ ಎಲ್ಲಾ ಸೆಲೆಕ್ಟ್ ಮಾಡೋಕೆ ಕಂಟ್ರೋಲ್ ಎ ಒತ್ತುವಾಗ ಕೈ ಸ್ವಲ್ಪ ಹಿಡಿತದಲ್ಲಿ ಇರ್ಲಿ. ನನ್ನದೇ ಕಥೆ ಹೇಳ್ತೀನಿ. ಒಂದು ರಾತ್ರಿ ಅಮ್ಮನಿಗೆ ಅಂತ ಇಟ್ಟಿದ್ದ ಸುಪ್ರಭಾತದ ಫೈಲ್‌ಗೆ ತಿಮ್ಮಪ್ಪನ ಚಿತ್ರ ಹಾಕೋಣ ಅಂತ ಕೂತೆ, ನಿದ್ದೆಗಣ್ಣು, ಅದೊಂದೇ ಸೆಲೆಕ್ಟ್ ಆಗಿದೆ ಅಂದ್ಕೊಂಡು ಚಿತ್ರ ಎಳೆದು ಬಿಟ್ಟು ಸೇವ್ ಕೊಟ್ಟೆ, ಇಷ್ಟೊತ್ತು ಯಾಕೆ ತಗೊಳ್ತಿದೆ ಅಂತ ಬೈಕೊಂಡು ಮಲ್ಕೊಂಡೆ. ಬೆಳಗ್ಗೆ ನೋಡಿದ್ರೆ ಇಡೀ ಲೈಬ್ರರಿಗೇ ತಿಮ್ಮಪ್ಪ. ಕ್ಯಾಬರೆ ಹಾಡಿಗೂ ಅವನೇ, ಯಕ್ಷಗಾನಕ್ಕೂ ಅವನೇ, ಹಿಂದಿ ಕವ್ವಾಲಿಗೂ ಅವನೇ. ಮನೇಲಿ ಅಮ್ಮ ಒಬ್ಬರಿಗೇ ಖುಷಿ. ಬ್ಯಾಕಪ್ ಹಾರ್ಡ್‌ಡಿಸ್ಕ್ ಇತ್ತು, ಬದುಕ್ಕೊಂಡೆ. ನೀನು ಮೊದ್ಲು ಒಂದು ಕಾಪಿ ಬೇರೆ ಕಡೆ ಇಟ್ಟು ಆಮೇಲೆ ಕೈ ಹಾಕು.

ಪ್ರಶ್ನೆ: ನಮ್ಮ ಅಪ್ಪಾರು ಬಿಟ್ಟು ಹೋದ ಹಿಂದೂಸ್ತಾನಿ ರೆಕಾರ್ಡ್ ನಮ್ಮಲ್ಲೆ ಒಂದು ಟ್ರಂಕ್ ತುಂಬ ಅದಾವ್ರೀ. ಮನ್ಸೂರ ಅವರದ್ದು, ಗಂಗೂಬಾಯಿ ಅವರದ್ದು, ಭೀಮಸೇನ ಜೋಶಿ ಅವರದ್ದು ಎಲ್ಲಾ. ಮಗ ಎಲ್ಲಾ ಡಿಜಿಟಲ್ ಮಾಡ್ಯಾನ, ಈಗ ಕವರ್ ಹಾಕಬೇಕಂದ್ರ ದೊಡ್ಡ ರೆಕಾರ್ಡಿನ ಕವರ್ ಸ್ಕ್ಯಾನರ್‌ನಾಗ ಹಿಡಿಯಂಗಿಲ್ಲ, ಹಳೀ 78ರ ರೆಕಾರ್ಡಿಗೆ ಅಂತೂ ಕವರ್ರೇ ಇಲ್ಲ, ಬರೇ ತೂತಿನ ಕಾಗದದ ಚೀಲ. ಏನ್ ಮಾಡಬೇಕ್ರೀ?
– ಒಬ್ಬ ಓದುಗರು, ಧಾರವಾಡ

ಉತ್ತರ: ರೀ ಸರ್, ಟ್ರಂಕಿನ ಮಾತು ಕೇಳಿ ನನಗೆ ಅಲ್ಲಿಗೇ ಬಸ್ ಹತ್ತೋಣ ಅನ್ನಿಸ್ತು. ಒಂದೊಂದಾಗಿ ನೋಡೋಣ.

78ರ ರೆಕಾರ್ಡಿಗೆ, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ರೆಕಾರ್ಡಿಗೆ, ನೀವು ಹೇಳಿದ್ದೇ ಸರಿ, ಬಹುತೇಕ ಅವಕ್ಕೆ ಕವರ್ ಅನ್ನೋದೇ ಇರ್ಲಿಲ್ಲ. ಕಂಪನಿ ಹೆಸರಿರೋ ಕಾಗದದ ಚೀಲ, ನಡುವೆ ತೂತು, ಆ ತೂತಲ್ಲಿ ರೆಕಾರ್ಡಿನ ಲೇಬಲ್ ಕಾಣ್ಬೇಕು ಅಷ್ಟೇ. ರೆಕಾರ್ಡಿನ ಹೊದಿಕೆಗೆ ಚಿತ್ರ ಬರೆಸೋ ರೂಢಿ ಬೆಳೆದಿದ್ದು ಅಮೆರಿಕದಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಅನ್ನೋ ಕಲಾವಿದ ಕೊಲಂಬಿಯಾ ಕಂಪನಿ ಸೇರಿದ ಮೇಲೆ, 1930ರ ದಶಕದ ಕೊನೆಗೆ. ಹಾಗಾಗಿ ಇಲ್ಲದ ಕವರ್‌ನ ಇಂಟರ್ನೆಟ್ಟಲ್ಲಿ ಹುಡುಕ್ತಾ ಕೂರ್ಬೇಡಿ, ಯಾರೋ ಫೋಟೋಶಾಪಲ್ಲಿ ಮಾಡಿದ್ದು ಸಿಗುತ್ತೆ, ಅದನ್ನ ಹಾಕಿದ್ರೆ ಅಪ್ಪಾರ ರೆಕಾರ್ಡಿಗೆ ಮೋಸ. ಲೇಬಲ್‌ನೇ ಕವರ್ ಮಾಡಿ. ಗ್ರಾಮೋಫೋನ್ ಮುಂದೆ ನಾಯಿ ಕೂತಿರೋ ಆ ಹಿಸ್ ಮಾಸ್ಟರ್ಸ್ ವಾಯ್ಸ್ ಲೇಬಲ್, ಅದರ ಮೇಲೆ ರಾಗದ ಹೆಸರು, ಹಾಡಿದೋರ ಹೆಸರು, ರೆಕಾರ್ಡ್ ನಂಬರು ಎಲ್ಲ ಇರುತ್ತೆ, ಅದಕ್ಕಿಂತ ನಿಜವಾದ ಕವರ್ ಯಾವುದು ಹೇಳಿ? ದುಂಡಗಿರೋದ್ರಿಂದ ಚೌಕದಲ್ಲಿ ಸೊಗಸಾಗಿ ಕೂರುತ್ತೆ. ಎರಡೂ ಬದಿಯ ಲೇಬಲ್ ತೆಗೀರಿ, ಒಂದೊಂದು ಬದಿಗೆ ಅದರದ್ದೇ ಲೇಬಲ್ ಹಾಕಬಹುದು, ಹೆಂಗೂ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಒಂದೇ ತುಣುಕು ಇರೋದು.

ಎಲ್‌ಪಿ ಕವರ್ 12 ಇಂಚಿನ ರೆಕಾರ್ಡಿಗೆ ಮಾಡಿದ್ದು, ಚೌಕ 31 ಸೆಂಟಿಮೀಟರ್ ದಾಟುತ್ತೆ. ಮನೆಯ ಎ4 ಸ್ಕ್ಯಾನರ್ 21 ಸೆಂಟಿಮೀಟರ್ ಅಗಲ. ನಾಲ್ಕು ತುಂಡಾಗಿ ಸ್ಕ್ಯಾನ್ ಮಾಡಿ ಹೊಲಿಯಬಹುದು, ಆದ್ರೆ ನಾನು ಮಾಡೋದು ಇಷ್ಟೇ: ಬೆಳಗಿನ ಹತ್ತು ಗಂಟೆ ಹೊತ್ತಿಗೆ ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಕವರ್‌ನ ನೆಲದ ಮೇಲೆ ಮಲಗಿಸಿ, ಫ್ಲ್ಯಾಶ್ ಆಫ್ ಮಾಡಿ, ಸ್ಟೂಲ್ ಮೇಲೆ ನಿಂತು ಸ್ವಲ್ಪ ಝೂಮ್ ಹಾಕಿ ಫೋನಿಂದ ತೆಗೀರಿ. ಹತ್ರ ಹೋಗಿ ತೆಗೆದ್ರೆ ಅಂಚು ಹೊಟ್ಟೆ ಉಬ್ಬಿದಂಗೆ ಬರುತ್ತೆ, ಅದಕ್ಕೇ ದೂರ ನಿಂತು ಝೂಮ್. ಮೇಲೆ ಪ್ಲಾಸ್ಟಿಕ್ ಚೀಲ ಇದ್ರೆ ತೆಗೀರಿ, ಇಲ್ಲಾಂದ್ರೆ ಕಿಟಕಿಯ ಸರಳು ಎಲ್ಲ ಕವರ್ ಮೇಲೆ ಮೂಡುತ್ತೆ. ಹಿಂದಿನ ಬದಿ ಮರೀಬೇಡಿ, ನಮ್ಮ ಶಾಸ್ತ್ರೀಯ ಎಲ್‌ಪಿಗಳಲ್ಲಿ ತಬಲಾ ಯಾರು, ಹಾರ್ಮೋನಿಯಂ ಯಾರು ಅನ್ನೋದು ಬಹಳಷ್ಟು ಸಲ ಅಲ್ಲೇ ಇರೋದು. ಸಿನಿಮಾ ಹಾಡಿನ ಇಪಿ ಏನಾದ್ರೂ ಇದ್ರೆ ಅದು 7 ಇಂಚು, ಆರಾಮಾಗಿ ಸ್ಕ್ಯಾನರ್ ಮೇಲೆ ಕೂರುತ್ತೆ.

ಇನ್ನೊಂದು ಮಾತು, ಮಗ ಫ್ಲಾಕ್ ಫೈಲ್ (ದನಿ ಕೆಡಿಸದೆ ಕುಗ್ಗಿಸೋ ಬಗೆ) ಮಾಡಿದ್ರೆ ಚಿತ್ರ ಒಳಗೆ ಇಡೋಕೆ ಅದರಲ್ಲಿ ಸರಿಯಾದ ಜಾಗ ಇದೆ, ಎಂಪಿ3 ಥರಾನೇ. ಕುಗ್ಗಿಸದ ವೇವ್ ಫೈಲಲ್ಲೇ ಬಿಟ್ಟಿದ್ರೆ ಅದಕ್ಕೆ ಟ್ಯಾಗ್ ಹಾಕಿದ್ರೂ ಎಲ್ಲಾ ಪ್ಲೇಯರೂ ಓದಲ್ಲ. ಫ್ಲಾಕ್‌ಗೆ ಬದಲಾಯಿಸಿ ಅನ್ನಿ, ದನಿ ಒಂದು ಚೂರೂ ಕಮ್ಮಿ ಆಗಲ್ಲ, ಜಾಗನೂ ಉಳಿಯುತ್ತೆ. ಆಲ್ಬಮ್ ಅನ್ನೋ ಕಡೆ ರಾಗದ ಹೆಸರು ಹಾಕ್ಬೇಡಿ, ಎಲ್‌ಪಿಯ ಹೆಸರು ಹಾಕಿ. ಇಲ್ಲಾಂದ್ರೆ ನಿಮ್ಮ ಮೂರೂ ಜನರ ಯಮನ್ ಒಂದೇ ಕವರ್ ಕೆಳಗೆ ಸೇರ್ಕೊಂಡು ಬಿಡಬಹುದು.

ಪ್ರಶ್ನೆ: ಒಂದು ಕ್ಯಾಸೆಟ್‌ನಲ್ಲಿ ಎ ಸೈಡ್ ಒಂದು ಸಿನಿಮಾ, ಬಿ ಸೈಡ್ ಇನ್ನೊಂದು ಸಿನಿಮಾ. ಕವರ್ ಒಂದೇ, ಮೇಲರ್ಧ ಒಂದು ಹೀರೋ, ಕೆಳಗರ್ಧ ಇನ್ನೊಬ್ಬ. ಇಂಥವು ನನ್ನತ್ರ ನಲವತ್ತು ಇವೆ. ಉದ್ದ ಕವರ್‌ನ ಚೌಕ ಮಾಡೋದು ಹೇಗೆ?
– ಕ್ಯಾಸೆಟ್ ಹುಚ್ಚ, ಬೆಂಗಳೂರು

ಉತ್ತರ: ಹುಚ್ಚರ ಸಂಘಕ್ಕೆ ಸ್ವಾಗತ ಗುರು. ಕ್ಯಾಸೆಟ್ ಕವರ್‌ನ ಮುಂಭಾಗ ಸುಮಾರು 10 ಸೆಂಟಿಮೀಟರ್ ಉದ್ದ, ಆರೂವರೆ ಅಗಲ. ಫೋನ್, ಕಂಪ್ಯೂಟರ್ ಎಲ್ಲಕ್ಕೂ ಬೇಕಾಗಿರೋದು ಚೌಕ, ಎಲ್‌ಪಿ ಕಾಲದಿಂದ ಬಂದ ಅಭ್ಯಾಸ ಅದು. ಜನ ಏನು ಮಾಡ್ತಾರೆ, ಎಳೆದು ಚೌಕ ಮಾಡ್ತಾರೆ, ಹೀರೋ ಮುಖ ರಾಗಿಮುದ್ದೆ ಆಗುತ್ತೆ. ಇಲ್ಲಾ ಕತ್ತರಿಸ್ತಾರೆ, ಮೇಲಿದ್ದ ಸಿನಿಮಾ ಹೆಸರೇ ಹೋಗುತ್ತೆ. ಎರಡೂ ಬೇಡ. ಗಿಂಪ್‌ನಲ್ಲಿ 1000ಕ್ಕೆ 1000 ಖಾಲಿ ಚೌಕ ಮಾಡಿ, ಕವರ್ ಅಂಚಿನ ಬಣ್ಣವನ್ನೇ ಕಲರ್ ಪಿಕರ್‌ನಿಂದ ಎತ್ತಿ ಹಿನ್ನೆಲೆಗೆ ತುಂಬಿ, ಮಧ್ಯ ಕವರ್ ಪೂರ್ತಿ ನಿಲ್ಲಿಸಿ. ಎಡಬಲ ಪಟ್ಟಿ ಬಂದ್ರೆ ಬರ್ಲಿ, ಅದು ಕ್ಯಾಸೆಟ್ಟು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ನನಗಂತೂ ಅದೇ ಚೆಂದ.

ಸ್ಕ್ಯಾನ್ ಮಾಡುವಾಗ ಕವರ್‌ನ ಡಬ್ಬಿಯಿಂದ ಮೆತ್ತಗೆ ಹೊರಗೆ ತೆಗೀರಿ, ಮಡಿಕೆ ಇರೋ ಕಡೆ ಹಳೇ ಕಾಗದ ಸೀಳಿ ಹೋಗಿರುತ್ತೆ, ಬಿಚ್ಚಿ ಚಪ್ಪಟೆ ಮಲಗಿಸಿ ಮೇಲೆ ಒಂದು ದಪ್ಪ ಪುಸ್ತಕ ಇಡಿ. 300 ಡಿಪಿಐ, ಅಂದ್ರೆ ಇಂಚಿಗೆ 300 ಚುಕ್ಕಿ, ಇಟ್ರೆ ಮುಂಭಾಗ ಸುಮಾರು 1180ಕ್ಕೆ 770 ಪಿಕ್ಸೆಲ್ ಬರುತ್ತೆ, ಲೆಕ್ಕಕ್ಕೆ ಅಷ್ಟು ಸಾಕು. ಆದ್ರೆ ಈ ಕವರ್‌ಗಳು ಆಫ್‌ಸೆಟ್ ಪ್ರಿಂಟು, ಭೂತಗನ್ನಡಿ ಹಿಡಿದ್ರೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತಲ್ಲ, ಆ ಚುಕ್ಕಿಗೂ ಸ್ಕ್ಯಾನರ್ ಗೆರೆಗೂ ಜಗಳ ಬಿದ್ದು ಚಿತ್ರದ ಮೇಲೆ ರೇಷ್ಮೆ ಸೀರೆ ಥರ ಅಲೆ ಅಲೆ ಏಳುತ್ತೆ. ಅದಕ್ಕೆ 600 ಡಿಪಿಐ ಇಟ್ಟು, ಸ್ಕ್ಯಾನರ್‌ನಲ್ಲಿ ಡಿಸ್ಕ್ರೀನ್ ಅಂತ ಆಯ್ಕೆ ಇದ್ರೆ ಅದನ್ನ ಹಾಕಿ, ಆಮೇಲೆ ಚಿಕ್ಕದು ಮಾಡಿ. ಹಳದಿ ತಿರುಗಿದ್ನ ಪೂರ್ತಿ ಬಿಳಿ ಮಾಡೋಕೆ ಹೋಗ್ಬೇಡಿ, ಹೀರೋಯಿನ್ ಮುಖ ನೀಲಿ ಆಗುತ್ತೆ.

ಎರಡು ಸಿನಿಮಾ ವಿಚಾರಕ್ಕೆ ನಾನು ಮಾಡೋದು ಹೇಳ್ತೀನಿ, ಸರಿ ಅನ್ಸಿದ್ರೆ ಮಾಡಿ. ಆಲ್ಬಮ್ ಅನ್ನೋದು ಸಿನಿಮಾ ಹೆಸರು, ಕ್ಯಾಸೆಟ್ ಅಲ್ಲ, ಯಾಕಂದ್ರೆ ಅಂಗಡೀಲಿ ನಾವು ಕೇಳ್ತಿದ್ದಿದ್ದೂ ಸಿನಿಮಾ ಹೆಸರು ಹೇಳೇ. ಹಾಗಾಗಿ ಆ ಸಿನಿಮಾದ ಅರ್ಧ ಕತ್ತರಿಸಿ ಅದರ ಹಾಡಿಗೆ ಮುಂದಿನ ಕವರ್ ಮಾಡ್ತೀನಿ. ಬಿಚ್ಚಿದ ಪೂರ್ತಿ ಕವರ್‌ನ, ಹಾಡಿನ ಪಟ್ಟಿ, ಕಂಪನಿ ವಿಳಾಸ, ಬೆಲೆ ಎಲ್ಲ ಸೇರಿ, ಫೋಲ್ಡರ್‌ನಲ್ಲಿ ಬೇರೆ ಫೈಲಾಗಿ ಇಡ್ತೀನಿ, ಹಾಡಿನ ಒಳಗೆ ಹಾಕಲ್ಲ. ಒಂದು ಹಾಡಲ್ಲಿ ಎರಡು ಚಿತ್ರ ಇಟ್ರೆ ಯಾವುದು ಮುಂದಿನ ಕವರ್ ಅಂತ ನೋಡದೆ ಮೊದ್ಲು ಸಿಕ್ಕಿದ್ದನ್ನೇ ತೋರ್ಸೋ ಸೋಮಾರಿ ಪ್ಲೇಯರು ಬೇಕಾದಷ್ಟಿದಾವೆ.

ಪ್ರಶ್ನೆ: ಪಿಕಾರ್ಡ್ ಅನ್ನೋ ಸಾಫ್ಟ್‌ವೇರ್ ತಾನೇ ಹಾಡು ಗುರುತು ಹಿಡಿದು ಕವರ್ ಹಾಕುತ್ತೆ ಅಂತ ಗೆಳೆಯ ಹೇಳ್ದ. ಇಂಗ್ಲಿಷ್ ಹಾಡಿಗೆ ಮ್ಯಾಜಿಕ್ ಥರ ಆಯ್ತು. ಕನ್ನಡದ್ದು ಹಾಕಿದ್ರೆ ಕೆಲವಕ್ಕೆ ಏನೂ ಇಲ್ಲ, ಕೆಲವಕ್ಕೆ ಯಾವುದೋ ‘ಸೂಪರ್ ಹಿಟ್ಸ್’ ಕವರ್.
– ಸಾಫ್ಟ್‌ವೇರ್ ಉದ್ಯೋಗಿ, ಮಂಗಳೂರು

ಉತ್ತರ: ಪಿಕಾರ್ಡ್ ಒಳ್ಳೇ ಪ್ರೋಗ್ರಾಂ, ಫ್ರೀ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಅದು ಹಾಡಿನ ದನಿಯಿಂದಲೇ ಒಂದು ಬೆರಳಚ್ಚು ತೆಗೆದು ಮ್ಯೂಸಿಕ್‌ಬ್ರೈನ್ಜ್ ಅನ್ನೋ ದೊಡ್ಡ ಪಟ್ಟಿಯಲ್ಲಿ ಹುಡುಕುತ್ತೆ, ಸಿಕ್ಕಿದ್ರೆ ಕವರ್ ಆರ್ಟ್ ಆರ್ಕೈವ್‌ನಿಂದ ಚಿತ್ರ ತರುತ್ತೆ. ಆ ಆರ್ಕೈವ್ ಮ್ಯೂಸಿಕ್‌ಬ್ರೈನ್ಜ್ ಮತ್ತೆ ಇಂಟರ್ನೆಟ್ ಆರ್ಕೈವ್ ಇಬ್ಬರೂ ಸೇರಿ 2012ರಲ್ಲಿ ಶುರು ಮಾಡಿದ್ದು. ಆದ್ರೆ ಪಟ್ಟಿ ತುಂಬ್ಸೋರು ನಮ್ಮ ನಿಮ್ಮಂಥ ಜನ. ಇಂಗ್ಲಿಷ್ ಹಾಡಿಗೆ ತುಂಬ್ಸೋರು ಬೇಕಾದಷ್ಟು ಜನ, ಕನ್ನಡಕ್ಕೆ ಕೂತು ತುಂಬ್ಸೋರು ಬೇಕಲ್ಲ. ಒಂದೇ ರೆಕಾರ್ಡಿಂಗು ಮೂಲ ಸಿನಿಮಾದಲ್ಲೂ ಇರುತ್ತೆ, ಆಮೇಲೆ ಬಂದ ಹಿಟ್ಸ್ ಸಂಗ್ರಹದಲ್ಲೂ ಇರುತ್ತೆ, ಪಟ್ಟಿಯಲ್ಲಿ ಹಿಟ್ಸ್ ಮಾತ್ರ ಇದ್ರೆ ಪಿಕಾರ್ಡ್ ಅದನ್ನೇ ತಂದು ಕೊಡುತ್ತೆ, ಅದರ ತಪ್ಪೇನಿಲ್ಲ. ಅದಕ್ಕೇ ಕನ್ನಡದ ಫೋಲ್ಡರ್‌ನ ಅದಕ್ಕೆ ಸುಮ್ನೆ ಸುರಿದು ಸೇವ್ ಒತ್ಬೇಡಿ. ಒಂದು ಸಿನಿಮಾ ಹಾಕಿ, ಬಲಗಡೆ ಏನು ಬಂತು ನೋಡಿ, ಸರಿ ಇದ್ರೆ ಮಾತ್ರ ಸೇವ್ ಮಾಡಿ. ನಿಮ್ಮ ಹತ್ರ ಒಳ್ಳೇ ಸ್ಕ್ಯಾನ್ ಇದ್ರೆ ಅಕೌಂಟ್ ಮಾಡ್ಕೊಂಡು ನೀವೇ ಸೇರಿಸಿ, ನಾನು ಭಾನುವಾರಕ್ಕೆ ಒಂದು ಕ್ಯಾಸೆಟ್ ಅಂತ ಸೇರಿಸ್ತಾ ಇದೀನಿ.

ಪ್ರಶ್ನೆ: ಹಳೇ ಮ್ಯಾಕ್‌ನಲ್ಲಿ ಐಟ್ಯೂನ್ಸ್‌ನಲ್ಲಿ ಎಲ್ಲಾ ಕವರ್ ಇತ್ತು. ಹಾಡುಗಳನ್ನ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿದ್ರೆ ಅರ್ಧಕ್ಕರ್ಧ ಕವರ್ ಮಾಯ. ಇಲ್ಲಿ ಮಕ್ಕಳಿಗೆ ಚಿತ್ರ ನೋಡೇ ಕನ್ನಡ ಹಾಡು ಗುರುತು.
– ಕನ್ನಡತಿ, ನ್ಯೂಜೆರ್ಸಿ

ಉತ್ತರ: ಮೇಲೆ ಹೇಳಿದ ಮೂರನೇ ಜಾಗ ನೆನಪಿದೆಯಾ, ಪ್ರೋಗ್ರಾಂನ ಜೇಬು, ಅದೇ ಇದು. 2006ರಲ್ಲಿ ಬಂದ ಐಟ್ಯೂನ್ಸ್ 7ರಿಂದ ‘ಗೆಟ್ ಆಲ್ಬಮ್ ಆರ್ಟ್‌ವರ್ಕ್’ ಅಂತ ಒಂದು ಆಯ್ಕೆ ಇತ್ತು, ಅದು ತಂದ ಚಿತ್ರಗಳನ್ನ ಹಾಡಿನ ಒಳಗೆ ಇಡ್ತಿರ್ಲಿಲ್ಲ, ತನ್ನದೇ ಬೇರೆ ಫೋಲ್ಡರಲ್ಲಿ ಇಟ್ಕೊಳ್ತಿತ್ತು. ನೀವು ಕೈಯಾರೆ ಹಾಕಿದ್ದು ಮಾತ್ರ ಹಾಡಿನ ಒಳಗೆ ಹೋಗಿತ್ತು, ಅದಕ್ಕೇ ಅರ್ಧಕ್ಕರ್ಧ. ಹಳೇ ಮ್ಯಾಕ್ ಇನ್ನೂ ಆನ್ ಆಗುತ್ತೆ ಅಂದ್ರೆ ಆಲ್ಬಮ್ ಸೆಲೆಕ್ಟ್ ಮಾಡಿ ಗೆಟ್ ಇನ್ಫೋ, ಆರ್ಟ್‌ವರ್ಕ್, ಚಿತ್ರ ಕಾಪಿ ಮಾಡಿ ಮತ್ತೆ ಅಲ್ಲೇ ಪೇಸ್ಟ್ ಮಾಡಿ ಓಕೆ ಕೊಡಿ. ಆಗ ಒಳಗೆ ಹೋಗುತ್ತೆ. ಆಮೇಲೆ ಹೊಸದಾಗಿ ಕಾಪಿ ಮಾಡ್ಕೊಳ್ಳಿ. ಬೇಜಾರಿನ ಕೆಲಸ, ಮಕ್ಕಳ ಕೈಲೇ ಮಾಡಿಸಿ, ಹಂಗಾದ್ರೂ ನಾಲ್ಕು ಹಾಡಿನ ಹೆಸರು ಬಾಯಿಗೆ ಬರುತ್ತೆ.

ಪ್ರಶ್ನೆ: ಹಾಡಿನ ಹೆಸರು ಕನ್ನಡದಲ್ಲೇ ಹಾಕಿದೀನಿ. ಕೆಲವು ಕಡೆ ಪ್ರಶ್ನಾರ್ಥಕ ಚಿಹ್ನೆ, ಕಾರಲ್ಲಿ ಬರೀ ಚೌಕ, ಹಳೇ ಫೈಲಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರ. ಕವರ್ ಮಾತ್ರ ಸರಿಯಾಗಿ ಬರ್ತಿದೆ.
– ಲೈಬ್ರರಿ ನೌಕರ, ತುಮಕೂರು

ಉತ್ತರ: ಮೂರೂ ಬೇರೆ ಬೇರೆ ಕಾಯಿಲೆ. ಪ್ರಶ್ನಾರ್ಥಕ ಚಿಹ್ನೆ ಬಂದ್ರೆ ಆ ಪ್ಲೇಯರ್ 1996ರ ಹಳೇ ಚೀಟಿ ಓದ್ತಿದೆ, ಅದಕ್ಕೆ ಕನ್ನಡ ಗೊತ್ತೇ ಇಲ್ಲ. ಎಂಪಿ3ಟ್ಯಾಗ್ ಸೆಟ್ಟಿಂಗಲ್ಲಿ ಐಡಿ3 ಎರಡನೇ ಆವೃತ್ತಿಯ 2.3, ಯುಟಿಎಫ್-16 ಆರಿಸಿ, ಹಳೇ ಚೀಟಿ ಬರೆಯೋದನ್ನ ನಿಲ್ಲಿಸಿ. ಚೌಕ ಬಂದ್ರೆ ಹೆಸರು ಸರಿಯಾಗೇ ಇದೆ, ಕಾರಲ್ಲಿ ಕನ್ನಡ ಫಾಂಟ್ ಇಲ್ಲ, ಕಾರಿನ ಪೆನ್‌ಡ್ರೈವ್‌ಗೆ ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಇನ್ನೊಂದು ಕಾಪಿ ಮಾಡ್ಕೊಳ್ಳೋದೇ ದಾರಿ, ಬೇಜಾರಾದ್ರೂ. ಹಳೇ ಫೈಲಿನ ಅರ್ಥವಾಗದ ಅಕ್ಷರ ನೋಡಿದ್ರೆ ಯಾರೋ ಹಳೇ ‘ನುಡಿ’ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಪೇಸ್ಟ್ ಮಾಡಿದಾರೆ, ಅದು ಎಲ್ಲ ಯಂತ್ರಕ್ಕೂ ಅರ್ಥವಾಗೋ ಯೂನಿಕೋಡ್ ಅಕ್ಷರ ಅಲ್ಲ. ಕನ್ವರ್ಟರಲ್ಲಿ ಯೂನಿಕೋಡ್ ಮಾಡ್ಕೊಂಡು ಮತ್ತೆ ಹಾಕಿ.

ಪ್ರಶ್ನೆ: ಕವರ್ ಬದಲಾಯಿಸಿದ್ರೂ ಫೋನ್ ಹಳೇದನ್ನೇ ತೋರ್ಸುತ್ತೆ.
– ಆಟೋ ಚಾಲಕ, ಹಾಸನ

ಉತ್ತರ: ಫೋನಿನ ಸೆಟ್ಟಿಂಗ್‌ನಲ್ಲಿ ಆ್ಯಪ್ಸ್ ಒಳಗೆ ಆ ಪ್ಲೇಯರ್ ತೆಗೆದು ಸ್ಟೋರೇಜ್‌ಗೆ ಹೋಗಿ ಕ್ಯಾಶ್, ಅಂದ್ರೆ ಅದು ಜೇಬಲ್ಲಿ ಇಟ್ಕೊಂಡಿರೋ ಹಳೇ ಚಿತ್ರ, ಕ್ಲಿಯರ್ ಮಾಡಿ ಅಣ್ಣ, ಡೇಟಾ ಕ್ಲಿಯರ್ ಒತ್ಬೇಡಿ, ಪ್ಲೇಲಿಸ್ಟ್ ಎಲ್ಲ ಹೋಗುತ್ತೆ. ಆಮೇಲೆ ಆ್ಯಪ್‌ನೊಳಗೆ ರೀಸ್ಕ್ಯಾನ್ ಕೊಡಿ. ಆಗ್ಲೂ ಬರ್ಲಿಲ್ಲ ಅಂದ್ರೆ ಫೋನ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ.